ಕೆಂಪಡಿಕೆ ಹರಡಿದ ಮೇಲೆ ಗುಡುಗು ಮಳೆ: ಯಾವ ಮುನ್ಸೂಚನೆ ನಂಬೋದು?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ರ ಹಳ್ಳಿ. ಅಡಿಕೆ ಬೇಯಿಸಿ ಅಂಗಳದಲ್ಲಿ ಕಟ್ಟಿದ ಅಟ್ಟದ ಮೇಲೆ ಹರಡ್ತೀವಿ, ಮೊಬೈಲಲ್ಲಿ ವಾರವಿಡೀ ಬಿಸಿಲು ಅಂತ ಇರ್ತದೆ, ಮಧ್ಯಾಹ್ನ ಮೂರಕ್ಕೆ ಗುಡುಗಿ ಹೊಯ್ತದೆ. ಅಕ್ಟೋಬರ್ ಮಳೆ ಮೊದಲೇ ಗೊತ್ತಾಗೋದೇ ಇಲ್ವಾ?

ಉತ್ತರ: ಗೊತ್ತಾಗ್ತದೆ, ಆದ್ರೆ ವಾರದ ಮುಂಚೆ ಅಲ್ಲ, ಹೆಚ್ಚಿನ ಸಲ ಅವತ್ತೇ. ಜುಲೈ ಮಳೆ ಬೇರೆ ಮಾರಾಯ್ರೆ, ಪಡುಗಾಳಿ ಬಿಡದೇ ಬೀಸಿ ಕಾರವಾರದಿಂದ ಭಟ್ಕಳದವರೆಗೂ ಮೋಡ ಕವಿದಿರ್ತದೆ, ಮೂರ್ನಾಲ್ಕು ದಿನ ಮೊದಲೇ ಹೇಳೋಕಾಗ್ತದೆ. ಮುಂಗಾರು ದೇಶ ಬಿಟ್ಟು ಪೂರ್ತಿ ಹೋಗೋದು ಹವಾಮಾನ ಇಲಾಖೆ ಲೆಕ್ಕದಲ್ಲಿ ಅಕ್ಟೋಬರ್ 15ರ ಸುಮಾರಿಗೆ, ಆ ಹೊತ್ತಿಗೆ ಪಡುಗಾಳಿ ಸಡಿಲಾಗಿ ಮೂಡಣ ಗಾಳಿ ಶುರುವಾಗ್ತದೆ, ಬೆಳಿಗ್ಗೆ ಬಿಸಿಲಿಗೆ ನೆಲ ಕಾಯ್ತದೆ, ಕಡಲಗಾಳಿ ತೇವ ಹೊತ್ಕೊಂಡು ಘಟ್ಟ ಹತ್ತಿ ಬರ್ತದೆ, ಎರಡು ಗಾಳಿ ಕೂಡಿದಲ್ಲಿ ಮೋಡ ಏಳ್ತದೆ. ಅದರ ಅಗಲ ಕೆಲವೇ ಕಿಲೋಮೀಟರ್, ಆಯುಷ್ಯ ತಾಸೊಪ್ಪತ್ತು, ಹಾಗಾಗಿ ಶಿರಸಿ ಪೇಟೇಲಿ ಹೊಯ್ದಾಗ ಹುಲೇಕಲ್ಲಲ್ಲಿ ಅಂಗಳ ಒಣಗೇ ಇರಬಹುದು. ಇಡೀ ದಿನಕ್ಕೆ ಒಂದೇ ಚಿತ್ರ ತೋರಿಸೋ ಆ್ಯಪ್ ಇದನ್ನ ಹೇಳಲ್ಲ. ಇಲಾಖೆ ಬುಲೆಟಿನ್‌ನಲ್ಲಿ ‘ಒಂದೆರಡು ಕಡೆ’ ಅಂದ್ರೂ ಅರ್ಥ ಕಾಲುಭಾಗ ಅಥವಾ ಅದಕ್ಕಿಂತ ಕಡಿಮೆ ಜಾಗದಲ್ಲಿ ಮಳೆ ಅಂತ, ನಿಮ್ಮ ಅಂಗಳದ ಮಾತಲ್ಲ.

ಅದಕ್ಕೇ ಹನ್ನೊಂದರ ಮೇಲೆ ಆಕಾಶ ನೋಡ್ತಾ ಇರಿ. ಮೋಡ ಹೂಕೋಸಿನ ಹಾಗೆ ಮೇಲ್ಮೇಲೆ ಉಬ್ತಾ ಇದ್ರೆ ಟಾರ್ಪಾಲ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ತಲೆ ಚಪ್ಪಟೆಯಾಗಿ ಹರಡಿತು ಅಂದ್ರೆ ಅದರಡಿ ಮಳೆ ಸುರೀತಾ ಇದೆ ಅಂತಾನೇ ತಿಳ್ಕೊಳ್ಳಿ. ಜೊತೆಗೆ ಇಲಾಖೆಯ ಮೂರು ತಾಸಿನ ಮುನ್ಸೂಚನೆ, ಗೋವಾ ರಡಾರ್ ಚಿತ್ರ ನೋಡಿ.

ಅರಬ್ಬಿ ಸಮುದ್ರದ ವಾಯುಭಾರ ಕುಸಿತದ ಕಥೆ ಬೇರೆ, ಅದು ದಿನಗಟ್ಟಲೆ ಮೊದಲೇ ಕಾಣ್ತದೆ. 2019ರಲ್ಲಿ ಕ್ಯಾರ್ ಚಂಡಮಾರುತ ದೀಪಾವಳಿ ಹೊತ್ತಿಗೇ ಎದ್ದಿತ್ತು, ದಡಕ್ಕೆ ಬರದೇ ಪಶ್ಚಿಮಕ್ಕೆ ತಿರುಗಿದ್ರೂ ನಮ್ಮ ಕರಾವಳಿಗೆ ಜೋರು ಮಳೆ ತಂತು. ಅಂಥ ಎಚ್ಚರಿಕೆ ಬಂದಾಗ ಅಡಿಕೆ ಕೊನೆ ಕೊಯ್ಯೋ ಕೊನೆಗೌಡರನ್ನ ಕರೀಲೇಬೇಡಿ. ಬೇಯಿಸಿದ ಅಡಿಕೆಗೆ ಬಿಸಿಲು ತಪ್ಪಿದ್ರೆ ಬೂಸ್ಟು ಹಿಡಿದು ಬಣ್ಣ, ರೇಟು ಎರಡೂ ಹೋಗ್ತದೆ, ಮರದಲ್ಲಿದ್ರೆ ಹಣ್ಣಾಗಿ, ಬೇಯಿಸದೇ ಒಣಗಿಸಿ ಸುಲಿಯೋ ಚಾಲಿಗಾದ್ರೂ ಆಗ್ತದೆ.

ಇನ್ನೊಂದು, ದಾಮಿನಿ ಆ್ಯಪ್ ಹಾಕ್ಕೊಳ್ಳಿ, ಹತ್ತಿರ ಸಿಡಿಲು ಬೀಳ್ತಾ ಇದ್ರೆ ಅದು ಎಚ್ಚರಿಸ್ತದೆ. ಗುಡುಗು ಕೇಳ್ತಾ ಇರುವಾಗ ಅಡಿಕೆ ಮುಚ್ಚೋಕೆ ಅಂತ ದಯವಿಟ್ಟು ಅಟ್ಟ ಹತ್ತಬೇಡಿ, ನೆನೆದ್ರೆ ನೆನೀಲಿ.