ಗಣಿತದ ಜೊತೆ ಫೈನಾನ್ಸ್ ಓದಲು ಇಂಗ್ಲೆಂಡಿಗೆ ಬರುವ ಮುನ್ನ

ತಂಗಿ, ನೀನು ಕೇಳಿರುವುದು ಇಷ್ಟು: ಪಿಯುಸಿಯಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಮುಗಿದಿದೆ, ಗಣಿತದಲ್ಲಿ 98 ಬಂದಿದೆ. ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಿಂದ ಆಫರ್ ಇದೆ, ಒಂದು 'ಮ್ಯಾಥಮ್ಯಾಟಿಕ್ಸ್ ವಿತ್ ಫೈನಾನ್ಸ್', ಇನ್ನೊಂದು 'ಅಕೌಂಟಿಂಗ್ ಆ್ಯಂಡ್ ಫೈನಾನ್ಸ್'. ಯಾವುದಕ್ಕೆ ಸೇರಲಿ, ಓದು ಹೇಗಿರುತ್ತದೆ, ದುಡ್ಡೆಷ್ಟು ಬೇಕು, ಮುಗಿದ ಮೇಲೆ ಇಲ್ಲೇ ಕೆಲಸ ಸಿಗುತ್ತದೆಯೇ? ಒಂದೊಂದಾಗಿ ಹೇಳುತ್ತೇನೆ. ಓದಿನ ವಿಷಯವೇ ಹೆಚ್ಚು ಜಾಗ ತಿನ್ನುತ್ತದೆ, ಏಕೆಂದರೆ ನಮ್ಮ ಕಡೆಯ ಮಕ್ಕಳು ಎಡವುವುದು ಅಲ್ಲೇ. ಊಟ, ಚಳಿ, ಒಂಟಿತನ ಎಲ್ಲ ಹೇಗೋ ಸಂಭಾಳಿಸುತ್ತಾರೆ.

ಮೊದಲು ಕೋರ್ಸಿನ ಹೆಸರು ಬಿಡು, ಎರಡೂ ಕಡೆಯ ಮಾಡ್ಯೂಲ್‌ಗಳ (ಕೋರ್ಸಿನೊಳಗಿನ ಒಂದೊಂದು ವಿಷಯದ) ಪಟ್ಟಿ ತೆಗೆದಿಟ್ಟುಕೋ. ಇಲ್ಲಿ ವರ್ಷಕ್ಕೆ 120 ಕ್ರೆಡಿಟ್, ಮೂರು ವರ್ಷಕ್ಕೆ 360. ಒಂದು ಕ್ರೆಡಿಟ್ ಅಂದರೆ 10 ಗಂಟೆಯ ಓದು ಎಂಬ ಲೆಕ್ಕ. ಪ್ರತಿ ಮಾಡ್ಯೂಲಿನ ಎದುರು ಅದು ಗಣಿತ ವಿಭಾಗದ್ದೋ ಬಿಸಿನೆಸ್ ಸ್ಕೂಲಿನದೋ ಬರೆದು ಕೂಡಿಸು. 'ವಿತ್ ಫೈನಾನ್ಸ್' ಎಂದಿರುವಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಗಣಿತವೇ ಇರುತ್ತದೆ. 'ಮ್ಯಾಥಮ್ಯಾಟಿಕ್ಸ್ ಆ್ಯಂಡ್ ಫೈನಾನ್ಸ್' ಎಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಕೌಂಟಿಂಗ್ ಕೋರ್ಸಿನಲ್ಲಿ ಗಣಿತ ಅಂಕಿಅಂಶದ ಒಂದೆರಡು ಮಾಡ್ಯೂಲಿಗೆ ನಿಂತುಬಿಡುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಆಗುವ ಆಸೆಯಿದ್ದರೆ ಅದೇ ಸರಿಯಾದ ದಾರಿ, ವೃತ್ತಿಪರೀಕ್ಷೆಗಳಲ್ಲಿ ಹೆಚ್ಚು ವಿನಾಯಿತಿ ಸಿಗುವುದೂ ಅಲ್ಲೇ. ಆದರೆ ನಿನಗೆ ಲೆಕ್ಕ ಬಿಡಿಸುವುದೇ ಇಷ್ಟ ಎಂದು ಬರೆದಿದ್ದೀಯ. ಹಾಗಿದ್ದರೆ ಗಣಿತದ ಕೋರ್ಸನ್ನೇ ಹಿಡಿ. ಗಣಿತ ಕಲಿತವರಿಗೆ ಮುಂದೆ ಅಕೌಂಟಿಂಗ್ ಕಲಿಯುವುದು ಕಷ್ಟವಲ್ಲ, ಅತ್ತಲಿಂದ ಇತ್ತ ಬರುವುದು ಬಹಳ ಕಷ್ಟ.

ಈಗ ಆ 98ರ ವಿಷಯ. ಪಿಯುಸಿ ಗಣಿತದಲ್ಲಿ ಕೈ ಪಳಗಿದವರಿಗೆ ಮೊದಲ ವರ್ಷದ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್ ಎಲ್ಲ ಸಲೀಸು. ಮೊದಲ ಟರ್ಮಿನಲ್ಲಿ ಇಲ್ಲಿಯ ಹುಡುಗರಿಗಿಂತ ಮುಂದೆಯೇ ಇರುತ್ತಾರೆ. ಸಿಕ್ಕಿಬೀಳುವುದು ರಿಯಲ್ ಅನಾಲಿಸಿಸ್‌ನಲ್ಲಿ, ಅಂದರೆ ಕ್ಯಾಲ್ಕುಲಸ್‌ನ ನಿಯಮಗಳನ್ನು ಬುಡದಿಂದ ಸಾಧಿಸಿ ತೋರಿಸುವ ಗಣಿತದಲ್ಲಿ. ಒಂದು ಶ್ರೇಣಿ ನೋಡು: 1/2, 2/3, 3/4, 4/5... ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಎನ್‌ನೇ ಪದ ಎನ್/(ಎನ್+1). ಪಿಯುಸಿಯಲ್ಲಿ ಮೇಲೂ ಕೆಳಗೂ 'ಎನ್'ನಿಂದ ಭಾಗಿಸಿ 1 ಎಂದು ಬರೆದರೆ ಪೂರ್ತಿ ಅಂಕ. ಇಲ್ಲಿ ಅದಕ್ಕೆ ಹೆಚ್ಚೇನೂ ಸಿಗದು. ಎಷ್ಟೇ ಚಿಕ್ಕ ಅಂತರ ಕೊಟ್ಟರೂ ಒಂದು ಪದದಿಂದ ಮುಂದಿನ ಎಲ್ಲ ಪದಗಳೂ 1ಕ್ಕೆ ಅದಕ್ಕಿಂತ ಹತ್ತಿರ ಇರುತ್ತವೆ ಎಂದು ನೀನು ಸಾಧಿಸಬೇಕು. ಎನ್‌ನೇ ಪದಕ್ಕೂ 1ಕ್ಕೂ ಇರುವ ಅಂತರ 1/(ಎನ್+1). ಕೊಟ್ಟ ಅಂತರ 0.01 ಆದರೆ 100ನೇ ಪದದಿಂದ ಮುಂದೆ ಎಲ್ಲವೂ ಒಳಗೆ ಬರುತ್ತವೆ. ಆದರೆ 0.01ಕ್ಕೆ ತೋರಿಸಿದರೆ ಸಾಲದು. ಕೊಟ್ಟ ಅಂತರವನ್ನು ಎಪ್ಸಿಲಾನ್ ಎಂದಿಟ್ಟುಕೊಂಡು, 1/ಎಪ್ಸಿಲಾನ್‌ಗಿಂತ ದೊಡ್ಡದಾದ ಒಂದು ಪೂರ್ಣಸಂಖ್ಯೆ ಆರಿಸಿ, ಅಲ್ಲಿಂದಾಚೆಗೆ ಈ ಮಾತು ನಿಜ ಎಂದು ವಾಕ್ಯಗಳಲ್ಲಿ ಬರೆಯಬೇಕು. ಅಂಕ ಇರುವುದು ಆ ವಾಕ್ಯಗಳಿಗೆ.

'ಉತ್ತರ ಸರಿ ಇದೆಯಲ್ಲ, ಅಂಕ ಏಕೆ ಕಡಿಮೆ' ಎಂದು ನವೆಂಬರ್‌ನಲ್ಲಿ ಬೇಜಾರು ಮಾಡಿಕೊಳ್ಳುವವರು ಬಹಳ. ಕಾರಣ ಇದೇ. ಸಿಇಟಿ, ಜೆಇಇ ತಯಾರಿ ಉತ್ತರಕ್ಕೆ ಬೇಗ ಮುಟ್ಟುವುದನ್ನು ಕಲಿಸುತ್ತದೆ, ದಾರಿಯನ್ನು ಬರೆದು ತೋರಿಸುವುದನ್ನು ಕಲಿಸುವುದಿಲ್ಲ. ಬರುವ ಮುಂಚೆ ಕೈಯಲ್ಲಿರುವ ತಿಂಗಳುಗಳಲ್ಲಿ ಹೊಸ ಸೂತ್ರ ಕಲಿಯಬೇಡ. ದಿನಕ್ಕೊಂದು ಸಾಧನೆ (ಪ್ರೂಫ್) ಬರೆ. 2ರ ವರ್ಗಮೂಲ ಭಾಗಲಬ್ಧವಲ್ಲ, ಅವಿಭಾಜ್ಯ ಸಂಖ್ಯೆಗಳು ಅನಂತ, ಅನುಗಮನದಿಂದ ಬರುವ ಮೊತ್ತಗಳು, ಇಂಥವು. ಬರೆದದ್ದನ್ನು ಮಾರನೇ ದಿನ ಓದಿ, ಪ್ರತಿ ಸಾಲಿಗೂ 'ಇದು ಎಲ್ಲಿಂದ ಬಂತು' ಎಂದು ಕೇಳಿಕೋ. ಜೊತೆಗೆ ಪೈಥಾನ್ ಪ್ರೋಗ್ರಾಮಿಂಗ್ ರೂಢಿಸಿಕೋ. ಪಿಸಿಎಂಸಿ ಓದಿರುವ ನಿನಗೆ ಅರ್ಧ ಕೆಲಸ ಆಗಲೇ ಆಗಿದೆ.

ಫೈನಾನ್ಸ್ ಎಲ್ಲಿ ಬರುತ್ತದೆ ಎಂದರೆ, ಮೊದಲೆರಡು ವರ್ಷ ಬಡ್ಡಿ, ಬಾಂಡ್ (ಸಾಲಪತ್ರ), ಕಂಪನಿಯ ಬ್ಯಾಲೆನ್ಸ್ ಶೀಟ್, ಪೋರ್ಟ್‌ಫೋಲಿಯೊ, ಅಂದರೆ ಹಣವನ್ನು ಹಲವು ಹೂಡಿಕೆಗಳಲ್ಲಿ ಹಂಚುವುದು. ಆ ಹಂಚಿಕೆಯ ಗಣಿತ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಕೊಟ್ಟದ್ದು. ನಿಜವಾದ ಸೊಗಸು ಮೂರನೇ ವರ್ಷದ್ದು, ಆಪ್ಷನ್‌ಗೆ, ಅಂದರೆ ಮುಂದೊಂದು ದಿನ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿಗೆ, ಬೆಲೆ ಕಟ್ಟುವುದು. ಅದರ ಒಂದು ಹೆಜ್ಜೆಯನ್ನು ಇಲ್ಲೇ ಮಾಡಿ ನೋಡು. ಇದು ರುಚಿಸಿದರೆ ಕೋರ್ಸ್ ನಿನ್ನದು.

ಒಂದು ಷೇರು ಇಂದು 100 ಪೌಂಡ್. ವರ್ಷದ ಕೊನೆಗೆ 120 ಆಗಬಹುದು, ಇಲ್ಲವೇ 90. ಬ್ಯಾಂಕಿನ ಬಡ್ಡಿ ಶೇ. 5, ಸಾಲಕ್ಕೂ ಠೇವಣಿಗೂ ಒಂದೇ. ವರ್ಷದ ಕೊನೆಗೆ ಆ ಷೇರನ್ನು 100ಕ್ಕೇ ಕೊಳ್ಳುವ ಹಕ್ಕನ್ನು ನೀನು ಮಾರುತ್ತೀಯ. ಬೆಲೆ 120 ಆದರೆ ಕೊಂಡವನಿಗೆ 20 ಕೊಡಬೇಕು, 90 ಆದರೆ ಏನೂ ಇಲ್ಲ. ಈ ಹಕ್ಕಿಗೆ ಎಷ್ಟು ಕೇಳಬೇಕು?

ಏರುವ ಸಂಭವ ಶೇ. 70 ಎಂದು ಎಲ್ಲರೂ ನಂಬಿದ್ದಾರೆ ಎಂದುಕೋ. ಹೊಸಬರು ತಕ್ಷಣ 20ರ ಶೇ. 70 ಅಂದರೆ 14, ಅದನ್ನು 1.05ರಿಂದ ಭಾಗಿಸಿ 13.33 ಎನ್ನುತ್ತಾರೆ. ಅದು ತಪ್ಪು, ಏಕೆ ಎಂಬುದನ್ನು ದುಡ್ಡು ಎಣಿಸಿಯೇ ನೋಡಬಹುದು. ನೀನು 57.14 ಪೌಂಡ್ ಸಾಲ ತಗೋ, ಅದಕ್ಕೆ 9.52 ಸೇರಿಸು, ಆ 66.66ರಿಂದ ಷೇರಿನ ಮೂರನೇ ಎರಡು ಭಾಗ ಕೊಳ್ಳು. ಬೆಲೆ 120 ಆದರೆ ನಿನ್ನ ಪಾಲು 80, ಸಾಲ ಬಡ್ಡಿ ಸೇರಿ 60 ತೀರಿಸಿದರೆ 20 ಉಳಿಯಿತು, ಅದನ್ನೇ ಕೊಟ್ಟುಬಿಡು. ಬೆಲೆ 90 ಆದರೆ ನಿನ್ನ ಪಾಲು 60, ಸಾಲ ತೀರಿತು, ಯಾರಿಗೂ ಕೊಡುವುದಿಲ್ಲ. ಎರಡೂ ಕಡೆ ಲೆಕ್ಕ ಚುಕ್ತಾ. ಹಾಗಾಗಿ ಬೆಲೆ 9.52. ಯಾರಾದರೂ 13.33 ಕೊಟ್ಟರೆ 3.81 ಯಾವ ಅಪಾಯವೂ ಇಲ್ಲದೆ ನಿನ್ನ ಜೇಬಿಗೆ. ಆ ಶೇ. 70 ಲೆಕ್ಕದೊಳಗೆ ಬರಲೇ ಇಲ್ಲ, ಗಮನಿಸಿದೆಯಾ? ಇಡೀ ವಿಷಯದ ತಿರುಳು ಅದು. ಆಮೇಲೆ ಬರುವ ಮಾರ್ಟಿಂಗೇಲ್, ಇಟೊ ಲೆಮ್ಮಾ, ಆಪ್ಷನ್ ಬೆಲೆ ಹೇಳುವ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರ, ಎಲ್ಲವೂ ಈ ಒಂದು ಹೆಜ್ಜೆಯನ್ನು ಕ್ಷಣಕ್ಷಣಕ್ಕೂ ಮಾಡುವ ಗಣಿತವೇ.

ಕಂಪ್ಯೂಟರಿನಲ್ಲಿ ಮಾಡಿಸುವ ಅಭ್ಯಾಸಗಳಲ್ಲಿ ತಪ್ಪುವ ಜಾಗಗಳು ಬಹುತೇಕ ಇವೇ. ವರ್ಷದ ಬಡ್ಡಿಯನ್ನು ಪ್ರತಿ ಸಣ್ಣ ಹೆಜ್ಜೆಗೂ ಪೂರ್ತಿಯಾಗಿ ಹಾಕುತ್ತಾರೆ. 0.05 ಬದಲು 5 ಎಂದು ಕೊಡುತ್ತಾರೆ. ದಿನದ ಏರಿಳಿತವನ್ನು ವರ್ಷಕ್ಕೆ ತಿರುಗಿಸಲು 252ರಿಂದ (ವರ್ಷದಲ್ಲಿ ಷೇರುಪೇಟೆ ನಡೆಯುವ ದಿನಗಳು) ಗುಣಿಸುತ್ತಾರೆ, ಗುಣಿಸಬೇಕಾದದ್ದು 252ರ ವರ್ಗಮೂಲದಿಂದ. ದಿನಕ್ಕೆ ಶೇ. 1.26 ಇದ್ದರೆ ವರ್ಷಕ್ಕೆ ಸುಮಾರು ಶೇ. 20. ನಿನ್ನ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಈ ಅಂಕಿ ಇಟ್ಟುಕೋ: ಷೇರು 100, ಕೊಳ್ಳುವ ಬೆಲೆ 100, ಬಡ್ಡಿ ಶೇ. 5 (ಇಲ್ಲಿ ಕ್ಷಣಕ್ಷಣಕ್ಕೂ ಚಕ್ರಬಡ್ಡಿಯಾಗಿ ಸೇರುವ ಲೆಕ್ಕ), ಏರಿಳಿತ ಶೇ. 20, ಅವಧಿ ಒಂದು ವರ್ಷ. ಬ್ಲ್ಯಾಕ್-ಶೋಲ್ಸ್ ಪ್ರಕಾರ ಕಾಲ್ ಆಪ್ಷನ್ (ಕೊಳ್ಳುವ ಹಕ್ಕು) 10.45, ಪುಟ್ ಆಪ್ಷನ್ (ಮಾರುವ ಹಕ್ಕು) 5.57. ಇವೆರಡರ ವ್ಯತ್ಯಾಸ 4.88. ಅದು 100ರಲ್ಲಿ, ವರ್ಷದಾಚೆಯ 100ರ ಇಂದಿನ ಬೆಲೆಯಾದ 95.12 ಕಳೆದಷ್ಟೇ ಆಗಿರಬೇಕು. ಆಗಿರದಿದ್ದರೆ ಎಲ್ಲೋ ತಪ್ಪಿದೆ, ಹುಡುಕು.

ಅಂಕದ ವಿಷಯ ಅಪ್ಪ ಅಮ್ಮನಿಗೆ ಈಗಲೇ ಹೇಳಿಡು. ಇಲ್ಲಿ 70 ಮುಟ್ಟಿದರೆ ಫಸ್ಟ್ ಕ್ಲಾಸ್, 60ರಿಂದ 69 ಅಪ್ಪರ್ ಸೆಕೆಂಡ್. 98 ತೆಗೆದ ಮಗಳು 66 ತಂದಳು ಎಂದು ಮನೆಯಲ್ಲಿ ಗಾಬರಿಯಾಗುವುದು ಬೇಡ, 66 ಒಳ್ಳೆಯ ಅಂಕ. ಪಾಸಾಗಲು 40. ಬಹುತೇಕ ಕಡೆ ಮೊದಲ ವರ್ಷದ ಅಂಕ ಪದವಿಯ ಕೊನೆಗೆ ಸಿಗುವ ಕ್ಲಾಸಿನ ಲೆಕ್ಕಕ್ಕೆ ಸೇರುವುದಿಲ್ಲ. ಹಾಗೆಂದು ಆ ವರ್ಷ ಸಡಿಲ ಬಿಡಬೇಡ, ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವಾಗ ನಿನ್ನ ಕೈಯಲ್ಲಿರುವುದು ಅದೊಂದೇ ಅಂಕಪಟ್ಟಿ. ವಾರಕ್ಕೆ ಪಾಠ 15 ಗಂಟೆಯ ಆಸುಪಾಸು ಇರುತ್ತದೆ, ಬಿಡುವು ಜಾಸ್ತಿ ಎನಿಸುತ್ತದೆ. 20 ಕ್ರೆಡಿಟ್ ಮಾಡ್ಯೂಲ್ ಅಂದರೆ 200 ಗಂಟೆ, ಅದರಲ್ಲಿ ತರಗತಿ 50 ಆದರೆ ಉಳಿದ 150 ನೀನೇ ಕೂತು ಓದಬೇಕಾದದ್ದು. ವಾರ ವಾರ ಕೊಡುವ ಪ್ರಾಬ್ಲಮ್ ಶೀಟನ್ನು ಟ್ಯುಟೋರಿಯಲ್‌ಗೆ ಮೊದಲೇ ಪ್ರಯತ್ನಿಸಿಕೊಂಡು ಹೋಗು. ಅಧ್ಯಾಪಕರು ಆಫೀಸ್ ಅವರ್ ಎಂದು ಸಮಯ ಕೊಟ್ಟಿರುತ್ತಾರೆ, ಸಂಕೋಚಪಟ್ಟು ಹೋಗದೇ ಇರುವವರು ನಮ್ಮವರೇ ಹೆಚ್ಚು. ಬಿಸಿನೆಸ್ ಸ್ಕೂಲಿನ ಮಾಡ್ಯೂಲುಗಳಲ್ಲಿ ವರದಿ ಬರೆಯಬೇಕಾಗುತ್ತದೆ. ಮೂಲ ಹೇಳದೆ ಎತ್ತಿದ ಒಂದು ಪ್ಯಾರಾ ಕೂಡ ಇಲ್ಲಿ ದೊಡ್ಡ ತಪ್ಪು, ವಿಚಾರಣೆ ನಡೆಯುತ್ತದೆ.

ಆಕ್ಚುರಿ (ವಿಮೆ, ಪಿಂಚಣಿಗಳ ಅಪಾಯ ಲೆಕ್ಕ ಹಾಕುವವರು) ಆಗುವ ಯೋಚನೆ ಇದ್ದರೆ ಒಂದು ಪ್ರಶ್ನೆಯನ್ನು ಈ ವಾರವೇ ಅಡ್ಮಿಷನ್ ಆಫೀಸಿಗೆ ಕಳಿಸು: ನಿಮ್ಮ ಯಾವ ಮಾಡ್ಯೂಲಿಗೆ ಇನ್‌ಸ್ಟಿಟ್ಯೂಟ್ ಆ್ಯಂಡ್ ಫ್ಯಾಕಲ್ಟಿ ಆಫ್ ಆಕ್ಚುರೀಸ್‌ನ ಯಾವ ಪರೀಕ್ಷೆಯಿಂದ ವಿನಾಯಿತಿ ಇದೆ, ಎಷ್ಟು ಅಂಕ ಬೇಕು? ಸಿಎಂ1, ಸಿಎಸ್1, ಸಿಬಿ1 ಎಂದು ಪರೀಕ್ಷೆಗಳ ಹೆಸರಿಟ್ಟೇ ಕೇಳು. ಗಣಿತ-ಫೈನಾನ್ಸ್ ಕೋರ್ಸ್ ಎಂದ ಮಾತ್ರಕ್ಕೆ ವಿನಾಯಿತಿ ಇರುತ್ತದೆ ಎಂದಿಲ್ಲ. ಇನ್ನು 'ಕ್ವಾಂಟ್' ಕೆಲಸದ (ಬ್ಯಾಂಕು, ಫಂಡುಗಳಿಗೆ ಗಣಿತದ ಮಾದರಿ ಕಟ್ಟುವ ಕೆಲಸ) ಕನಸಿದ್ದರೆ, ಅವುಗಳಲ್ಲಿ ಬಹುಪಾಲಿಗೆ ಮಾಸ್ಟರ್ಸ್ ಇಲ್ಲವೇ ಪಿಎಚ್‌ಡಿ ಕೇಳುತ್ತಾರೆ. ಆಯ್ಕೆಯ ಮಾಡ್ಯೂಲುಗಳಲ್ಲಿ ಮೆಷರ್ ಥಿಯರಿ, ಸ್ಟೋಕಾಸ್ಟಿಕ್ ಪ್ರೊಸೆಸಸ್, ನ್ಯೂಮರಿಕಲ್ ಮೆಥಡ್ಸ್ ಬಿಡಬೇಡ.

ದುಡ್ಡು. ಫೀಸಿನಲ್ಲಿ ಬಾಕಿಯಿರುವ ಮೊದಲ ವರ್ಷದ ಮೊತ್ತ, ಜೊತೆಗೆ 9 ತಿಂಗಳ ಖರ್ಚು, ಇಷ್ಟನ್ನು ವೀಸಾಗೆ ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್, ಹೊರಗಿನ ಊರುಗಳಿಗೆ 1,171. ಅಂದರೆ 9 ತಿಂಗಳಿಗೆ 13,761 ಇಲ್ಲವೇ 10,539. ಈ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನವೂ ಇಳಿಯಬಾರದು. ಆ 28ನೇ ದಿನ ಅರ್ಜಿ ಹಾಕುವ ದಿನಕ್ಕೆ 31 ದಿನದೊಳಗಿರಬೇಕು. ರೂಪಾಯಿ ಖಾತೆಯಾದರೆ ವಿನಿಮಯ ದರ ಏರಿಳಿಯುತ್ತದೆ, ಸ್ವಲ್ಪ ಹೆಚ್ಚೇ ಇಡಿಸು. ಅಪ್ಪ ಅಮ್ಮನ ಖಾತೆ ನಡೆಯುತ್ತದೆ, ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಇದ್ದರೆ. ಆರೋಗ್ಯ ಸರ್‌ಚಾರ್ಜ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ) ವರ್ಷಕ್ಕೆ 776 ಪೌಂಡ್, ವೀಸಾದ ಪೂರ್ತಿ ಅವಧಿಗೆ ಒಂದೇ ಸಲ ಕಟ್ಟಬೇಕು, ಅದನ್ನು ಲೆಕ್ಕಕ್ಕೆ ಹಿಡಿಯದೆ ಬಹಳ ಮನೆಗಳು ಕೊನೆ ಗಳಿಗೆಯಲ್ಲಿ ಓಡಾಡುತ್ತವೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸುವಾಗ ಅದು ತೆರಿಗೆಗೆ ಹೊಂದಿಕೆಯಾಗುತ್ತದೆ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಸಂಬಳದಲ್ಲಿ ಫೀಸು ಕಟ್ಟುತ್ತೇನೆ ಎಂಬ ಲೆಕ್ಕ ಹಾಕಬೇಡ. ಅನಾಲಿಸಿಸ್ ಇರುವ ವರ್ಷ 20 ಗಂಟೆಯೂ ಜಾಸ್ತಿಯೇ.

ಮನೆ: ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲ್ಲೇ ಕ್ಷೇಮ. ಎರಡನೇ ವರ್ಷ ಹೊರಗೆ ಬಾಡಿಗೆ ಹಿಡಿದರೆ ಡೆಪಾಸಿಟ್ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು. ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಇಲ್ಲ. ಕೆಲಸಕ್ಕೆ ಹೋಗುವವರೊಬ್ಬರು ಸೇರಿಕೊಂಡರೆ ಬಿಲ್ ಬರುತ್ತದೆ.

ಕೆಲಸದ ಪ್ರಶ್ನೆಗೆ ನೇರ ಉತ್ತರ: ಸಿಗುತ್ತದೆ, ಆದರೆ ದಾರಿ ಕಿರಿದಾಗಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಗ್ರಾಜುಯೇಟ್ ವೀಸಾ (ಓದು ಮುಗಿದ ಮೇಲೆ ಇಲ್ಲೇ ಉಳಿದು ದುಡಿಯಲು ಸಿಗುವುದು) 18 ತಿಂಗಳಷ್ಟೇ, ನೀನು ಅದರೊಳಗೆ ಬರುತ್ತೀಯ. ಆಮೇಲೆ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಿಂದ 41,700 ಪೌಂಡ್, ಹೊಸದಾಗಿ ವೃತ್ತಿಗೆ ಬರುವವರಿಗೆ 33,400. ಕೆಲಸ ಕೊಡುವ ಕಂಪನಿಗೆ ಸ್ಪಾನ್ಸರ್ ಲೈಸನ್ಸ್ (ಹೊರದೇಶದವರನ್ನು ನೇಮಿಸಿಕೊಳ್ಳುವ ಪರವಾನಗಿ) ಇರಬೇಕು, ಆ ಪಟ್ಟಿ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ. ಅರ್ಜಿ ಹಾಕುವ ಮುನ್ನ ಅಲ್ಲಿ ಹೆಸರು ಹುಡುಕು.

ಬ್ಯಾಂಕುಗಳ ನೇಮಕಾತಿಗೆ ತನ್ನದೇ ಪಂಚಾಂಗ ಇದೆ, ಅದು ಗೊತ್ತಿಲ್ಲದೆಯೇ ಬುದ್ಧಿವಂತ ಮಕ್ಕಳು ಹಿಂದೆ ಬೀಳುತ್ತಾರೆ. ಮೊದಲ ವರ್ಷದವರಿಗೆಂದು ಇರುವ 'ಸ್ಪ್ರಿಂಗ್ ವೀಕ್'ಗಳಿಗೆ (ಬ್ಯಾಂಕಿನ ಕೆಲಸ ಪರಿಚಯಿಸುವ ಕಿರು ಕಾರ್ಯಕ್ರಮ) ಅರ್ಜಿ ತೆರೆಯುವುದು ನೀನು ಬಂದಿಳಿಯುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ. ಎರಡನೇ ವರ್ಷ ಮುಗಿದ ಮೇಲಿನ ಬೇಸಿಗೆ ಇಂಟರ್ನ್‌ಶಿಪ್‌ಗೆ ಆ ವರ್ಷ ಶುರುವಾಗುವ ಹೊತ್ತಿಗೇ ಅರ್ಜಿ ಹೋಗಿರಬೇಕು. ಬಂದಂತೆ ಬಂದಂತೆ ಆರಿಸುವುದರಿಂದ ಕೊನೆಯ ದಿನಾಂಕಕ್ಕೆ ಕಾದವರಿಗೆ ಜಾಗ ಉಳಿದಿರುವುದಿಲ್ಲ. ಕಾಯಂ ಕೆಲಸಗಳಲ್ಲಿ ದೊಡ್ಡ ಪಾಲು ಆ ಇಂಟರ್ನ್‌ಗಳಿಗೇ ಹೋಗುತ್ತದೆ. ಒಂದು ವರ್ಷ ಕಂಪನಿಯಲ್ಲಿ ಕೆಲಸ ಮಾಡುವ ನಾಲ್ಕು ವರ್ಷದ ಕೋರ್ಸ್ ಇದ್ದರೆ, ಅದಕ್ಕೆ ಬದಲಾಯಿಸಿಕೊಡಿ ಎಂದು ವಿಶ್ವವಿದ್ಯಾಲಯವನ್ನು ಈಗಲೇ ಕೇಳು. ವೀಸಾಗೆ ಅವರು ಕೊಡುವ ಸಿಎಎಸ್ ದಾಖಲೆಯಲ್ಲಿ ಆ ವರ್ಷ ಸೇರಿರಲಿ. ಇಲ್ಲಿಗೆ ಬಂದ ಮೇಲೆ ಸೇರಿಸಿಕೊಳ್ಳಲು ಹೋದರೆ ಮತ್ತೆ ವೀಸಾ ಅರ್ಜಿ, ಮತ್ತೆ ಖರ್ಚು ಬರಬಹುದು. ಎರಡೂ ಕೋರ್ಸುಗಳ ಮಾಡ್ಯೂಲ್ ಪಟ್ಟಿ ಸಿಕ್ಕಿದ ಮೇಲೆ ಕ್ರೆಡಿಟ್ ಕೂಡಿಸಿ ಕಳಿಸು, ಯಾವ ಆಯ್ಕೆಯ ವಿಷಯ ಯಾವ ವರ್ಷ ತಗೊಳ್ಳಬೇಕು ಎಂದು ಕೂತು ನೋಡೋಣ.