ಮಗಳು ಬಸ್ಸಿನಲ್ಲೇ ಹೋಗಲಿ ಬಿಡಿ

ಪತ್ರ: ಕಳೆದ ತಿಂಗಳ ನಿಮ್ಮ ಪ್ರವಾಸ ವಿಶೇಷಾಂಕ ಓದಿ ನನ್ನ ಮಗಳು ಒಬ್ಬಳೇ ಟರ್ಕಿಗೆ ಹೊರಟಿದ್ದಾಳೆ. ಇಸ್ತಾಂಬುಲ್‌ನಿಂದ ಕಪಾಡೋಕಿಯಾಗೆ ವಿಮಾನದಲ್ಲಿ ಒಂದೂಕಾಲು ಗಂಟೆ. ಇವಳಿಗೆ ರಾತ್ರಿ ಬಸ್ಸೇ ಬೇಕಂತೆ. ಹತ್ತು ಹನ್ನೊಂದು ಗಂಟೆ, ಭಾಷೆ ಬಾರದ ಊರು, ಯಾರೋ ಏನೋ ಗೊತ್ತಿಲ್ಲದ ಜನ. ಇಂಥದ್ದನ್ನೆಲ್ಲ ಬರೆದು ಮಕ್ಕಳ ತಲೆ ಕೆಡಿಸುವ ಮೊದಲು ನೀವು ಸ್ವಲ್ಪ ಯೋಚಿಸಬಾರದಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ ಸ್ವಾಮಿ, ನನಗೂ ಮಗಳಿದ್ದಾಳೆ. ವಿಮಾನ ಬೇಗ ತಲುಪಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬಸ್ಸಿನಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್, ದುಡ್ಡು ಮೈಮೇಲೇ ಇರಲಿ. ಫೋನ್ ಚಾರ್ಜ್ ಆಗಿರಲಿ. ವಿಮಾನದ ಪರವಾಗಿ, ಹುಷಾರಿನ ಪರವಾಗಿ ನಾನು ಹೇಳಬೇಕಾದ್ದು ಇಲ್ಲಿಗೆ ಮುಗಿಯಿತು.

ಇನ್ನು ಬಸ್ಸಿನ ವಿಷಯ.

ಟರ್ಕಿಯ ದೂರದ ಬಸ್ಸು ಅಂದರೆ ನಮ್ಮ ಸ್ಲೀಪರ್ ಕೋಚ್ ಅಂದುಕೊಳ್ಳಬೇಡಿ. ರಾತ್ರಿಯಿಡೀ ಕೂತೇ ಹೋಗಬೇಕು. ಆದರೆ ಬಸ್ಸಿನಲ್ಲಿ ಮುವಾವಿನ್ ಅಂತ ಒಬ್ಬ ಹುಡುಗ ಇರುತ್ತಾನೆ. ನಮ್ಮ ಕ್ಲೀನರ್ ಇದ್ದ ಹಾಗೆ ಅನ್ನಿ, ಆದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿರುತ್ತಾನೆ. ಬಸ್ಸು ಊರು ಬಿಟ್ಟ ಮೇಲೆ ಸೀಟಿನಿಂದ ಸೀಟಿಗೆ ಬಂದು ಎಲ್ಲರ ಅಂಗೈಗೂ ಕೊಲೊನ್ಯಾ ಅನ್ನುವ ನಿಂಬೆ ಪರಿಮಳದ ಸುಗಂಧದ್ರವ ಸುರಿಯುತ್ತಾನೆ. ನಮ್ಮ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವುದಿಲ್ಲವೇ, ಹಾಗೆ. ಆಮೇಲೆ ಚಹಾ, ಬಿಸ್ಕತ್ತು. ಒಂಟಿ ಹೆಂಗಸಿನ ಪಕ್ಕದ ಸೀಟನ್ನು ಗುರುತಿಲ್ಲದ ಗಂಡಸಿಗೆ ಸಾಮಾನ್ಯವಾಗಿ ಕೊಡುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಅಲ್ಲಿ ಗುರುತಿಲ್ಲದವರನ್ನೂ ‘ಅಬ್ಲಾ’, ‘ಅಬಿ’ ಅಂತಲೇ ಕರೆಯುತ್ತಾರೆ. ಅಕ್ಕ, ಅಣ್ಣ ಅಂತ ಅರ್ಥ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಾವು ಕರೆಯುವುದೂ ಹಾಗೇ ಅಲ್ವಾ?

ನಾನು ಅದೇ ದಾರಿಯಲ್ಲಿ ಹೋದದ್ದು 2011ರ ಫೆಬ್ರವರಿಯಲ್ಲಿ. ಟಿಕೆಟ್ಟಿನಲ್ಲಿ ಗೊರೆಮೆ ಅಂತ ಬರೆದಿತ್ತು, ಕಪಾಡೋಕಿಯಾದಲ್ಲಿ ಪ್ರವಾಸಿಗಳು ಇಳಿದುಕೊಳ್ಳುವ ಊರು ಅದು. ಬೆಳಗಿನ ಜಾವ ಅದಕ್ಕೂ ಮೊದಲೇ ಸಿಗುವ ನೆವ್‌ಶೆಹಿರ್ ಪಟ್ಟಣದಲ್ಲಿ ಇಳಿಸಿ, ಮುಂದಕ್ಕೆ ವ್ಯಾನ್ ಬರುತ್ತದೆ ಅಂದರು. ಬರಲಿಲ್ಲ. ಗೊರೆಮೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್. ನೆಲದ ಮೇಲೆ ಹಿಮ, ನನ್ನ ಕಾಲಲ್ಲಿ ಬೆಂಗಳೂರಿನ ಚಳಿಗೆ ಸಾಕಾಗುವ ಶೂ.

ಹಿಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ರಾತ್ರಿಯೆಲ್ಲ ಕಿತ್ತಳೆ ಸುಲಿದು ನನ್ನ ಕಡೆಗೂ ಚಾಚುತ್ತಿದ್ದರು. ಅವರನ್ನು ಕರೆದೊಯ್ಯಲು ಮಗ ಕಾರು ತಂದಿದ್ದ. ಅಜ್ಜಿ ನನ್ನ ಕಡೆ ಬೆರಳು ಮಾಡಿ ಅವನಿಗೆ ಜೋರಾಗಿ ಏನೋ ಹೇಳಿದರು. ಬೈಯುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ನಾನು ಅವರ ಮನೆಯ ಒಲೆಯ ಪಕ್ಕ ಕೂತಿದ್ದೆ, ಕೈಯಲ್ಲಿ ಬಿಸಿ ಬೇಳೆ ಸೂಪು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ. ‘ಮಿಸಾಫಿರ್, ಮಿಸಾಫಿರ್’ ಅನ್ನುತ್ತಿದ್ದದ್ದು ಮಾತ್ರ ಕಿವಿಗೆ ಬಿತ್ತು. ನಮ್ಮ ಮುಸಾಫಿರ್ ಪದವೇ. ನಮ್ಮಲ್ಲಿ ಅದು ಪ್ರಯಾಣಿಕ, ಟರ್ಕಿಯಲ್ಲಿ ಅತಿಥಿ. ಅರಬ್ಬಿಯಿಂದ ಹೊರಟ ಒಂದೇ ಪದ ಎರಡು ಊರಲ್ಲಿ ಎರಡು ಥರ ಇಳಿದುಕೊಂಡಿದೆ.

ಇದೇನು ಹೊಸತಲ್ಲ. 14ನೇ ಶತಮಾನದ ಮೊರಾಕ್ಕೊದ ಅಲೆಮಾರಿ ಇಬ್ನ್ ಬತೂತ, ನಮ್ಮ ಹೊನ್ನಾವರ, ಮಂಗಳೂರನ್ನೂ ನೋಡಿಹೋದವನು, ಅದಕ್ಕೂ ಮೊದಲು ಟರ್ಕಿಯಲ್ಲಿ ಸುತ್ತಾಡಿದ್ದ. ಇವತ್ತಿನ ದೆನಿಜ್ಲಿಯ ಪೇಟೆಯಲ್ಲಿ ಅಂಗಡಿಗಳಿಂದ ಜನ ಇಳಿದು ಬಂದು ಕುದುರೆಯ ಲಗಾಮು ಹಿಡಿದರು. ಇನ್ನೊಂದು ಗುಂಪು ಬಂದು ಅವರನ್ನು ತಡೆಯಿತು. ಚಾಕುಗಳೂ ಹೊರಬಂದವು. ದರೋಡೆಕೋರರೇ ಇರಬೇಕು ಅಂತ ಅವನ ಜೀವ ಬಾಯಿಗೆ ಬಂತು. ಅರಬ್ಬಿ ಬಲ್ಲವನೊಬ್ಬ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಜಗಳ ಅತಿಥಿಯನ್ನು ಯಾರು ಉಳಿಸಿಕೊಳ್ಳಬೇಕು ಅಂತ! ಕೊನೆಗೆ ಚೀಟಿ ಹಾಕಿ ತೀರ್ಮಾನ ಮಾಡಿದರು. ಅವರು ‘ಅಖಿ’ ಅನ್ನುವ ಕಸುಬುದಾರರ ಸಂಘದವರು. ಹಗಲೆಲ್ಲ ದುಡಿದದ್ದನ್ನು ಸಂಜೆ ಒಟ್ಟುಗೂಡಿಸಿ ದಾರಿಹೋಕರಿಗೆ ಊಟ ಹಾಕುತ್ತಿದ್ದರು. ನೀವು ಬರೆದ ‘ಯಾರೋ ಏನೋ ಗೊತ್ತಿಲ್ಲದ ಜನ’ ಇವರೇ.

ಅಂದಹಾಗೆ, ನಿಮ್ಮನ್ನು ನಾನು ನೋಡಿಲ್ಲ. ಆದರೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಟರ್ಕಿಯ ಹುಡುಗಿ ದಿಕ್ಕು ತೋಚದೆ ನಿಂತಿದ್ದರೆ, ಬೆಣ್ಣೆದೋಸೆ ಕೊಡಿಸದೆ ನೀವು ಅವಳನ್ನು ಬಿಡುವವರಲ್ಲ. ಅಷ್ಟು ಬಾಜಿ ಕಟ್ಟಬಲ್ಲೆ. ಕೊಡುವುದಕ್ಕೆ ನಮ್ಮ ಜನ ಎಂದೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು 1903ರಲ್ಲಿ ಛತ್ರ ಕಟ್ಟಿಸಿದ್ದು ತಮ್ಮ ನೆಂಟರಿಗೆ ಅಂತಲ್ಲ. ನಮ್ಮ ಕಷ್ಟ ಇರುವುದು ತೆಗೆದುಕೊಳ್ಳುವುದರಲ್ಲಿ. ಬೇರೆಯವರ ಹತ್ತಿರ ದಾರಿ ಕೇಳುವುದೂ ಒಂದು ಸೋಲು ಅನ್ನುವ ಹಾಗೆ ಆಡುತ್ತೇವೆ.

ಅದಕ್ಕೇ ನನಗೆ ಈ ಪ್ಯಾಕೇಜ್ ಟೂರ್ ಕಂಡರೆ ಮೈ ಉರಿಯುವುದು. ಅಡುಗೆಯವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಆಲ್ಪ್ಸ್ ಪರ್ವತದ ಬುಡದಲ್ಲಿ ಪುಳಿಯೋಗರೆ ತಿಂದು ಬರುತ್ತಾರೆ. ಪುಳಿಯೋಗರೆ ಮೇಲೆ ನನಗೆ ಸಿಟ್ಟಿಲ್ಲ, ನಮ್ಮನೆಯಲ್ಲಿ ವಾರಕ್ಕೊಮ್ಮೆ ಆಗುತ್ತದೆ. ಎಂಟು ದಿನದಲ್ಲಿ ಆ ದೇಶದವರು ಒಬ್ಬರ ಹತ್ತಿರವಾದರೂ ಮಾತಾಡಿದಿರಾ ಅಂತ ಕೇಳಿ ನೋಡಿ. ‘ಯಾಕೆ, ಗೈಡ್ ಇದ್ದರಲ್ಲ’ ಅನ್ನುತ್ತಾರೆ. ಊರಲ್ಲೂ ಅಷ್ಟೇ. ಮೊನ್ನೆ ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದ ಹುಡುಗನಿಗೆ ಸುಮ್ನೆ ಒಂದು ಹಿಡಿ ಕಡಲೆಕಾಯಿ ಕೊಡಲು ಹೋದೆ. ಕಿವಿಯಿಂದ ಇಯರ್‌ಫೋನ್ ತೆಗೆದು ‘ಎಷ್ಟು?’ ಅಂದ. ಮಾರುವವನು ಅಂದುಕೊಂಡಿದ್ದ, ಪಾಪ.

ನೆವ್‌ಶೆಹಿರ್ ಅಜ್ಜಿಯ ಕಥೆ ಪೂರ್ತಿ ಹೇಳಲಿಲ್ಲ. ಮಗ ನನ್ನನ್ನು ಗೊರೆಮೆಗೆ ಬಿಡಲು ಹೊರಟಾಗ ಅವರು ಬಾಗಿಲಿಗೆ ಬಂದು ಕಾರಿನ ಹಿಂದೆ ಒಂದು ಜಗ್ ನೀರು ಚೆಲ್ಲಿದರು. ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ ಅಂತ ಹರಸುವುದು ಅಲ್ಲಿನ ವಾಡಿಕೆ. ಮಗಳು ಹೊರಡುವ ದಿನ ನೀವೂ ಒಂದು ಚೊಂಬು ನೀರು ಹಿಡಿದು ಗೇಟಿನ ಹತ್ತಿರ ನಿಲ್ಲಿ. ಇದ್ಯಾವುದು ಹೊಸ ಶಾಸ್ತ್ರ ಅಂತ ಅಕ್ಕಪಕ್ಕದವರು ನಕ್ಕರೆ ಪತ್ರಿಕೆಯವರು ಹೇಳಿದ್ದು ಅಂದುಬಿಡಿ. ಹಾಂ, ಟಿಕೆಟ್ಟಿನಲ್ಲಿ ಗೊರೆಮೆ ಅಂತ ಇದ್ದರೂ, ಬಸ್ಸು ಅಲ್ಲಿಯವರೆಗೂ ಹೋಗುತ್ತದಾ ಅಂತ ಕೇಳಿಯೇ ಹತ್ತಲು ಅವಳಿಗೆ ಹೇಳಿ.