ಐರಿಷ್ ಫಿಡಲ್ ಟ್ಯೂನು: ಹೆಸರು ಬಿಡಿ, ಸ್ವರ ಹಿಡಿದು ಹುಡುಕಿ

ಪ್ರಶ್ನೆ: ಐರಿಷ್ ಫಿಡಲ್ ನುಡಿಸುವ ಒಂದು ವಿಡಿಯೊ ತುಣುಕು ಸಿಕ್ಕಿದೆ. ಟ್ಯೂನಿನ ಹೆಸರು ಎಲ್ಲೂ ಇಲ್ಲ. ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದರೆ ಏನೂ ಬರುತ್ತಿಲ್ಲ. ಅದರ ಸ್ವರಲಿಪಿ, ಒಳ್ಳೆಯ ಧ್ವನಿಮುದ್ರಿಕೆ ಎರಡನ್ನೂ ಹುಡುಕುವುದು ಹೇಗೆ?

ಉತ್ತರ: ಅಂಥ ಆ್ಯಪ್‌ಗಳು ತಾಳೆ ನೋಡುವುದು ಧ್ವನಿಮುದ್ರಿಕೆಯನ್ನು. ಅದೇ ಟ್ಯೂನನ್ನು ಬೇರೊಬ್ಬರು ನುಡಿಸಿದರೆ ಅವಕ್ಕೆ ತಿಳಿಯುವುದಿಲ್ಲ. ಟ್ಯೂನ್‌ಪಾಲ್ ಎಂಬ ಆ್ಯಪ್ ಐರಿಷ್ ಸಂಗೀತಕ್ಕೆಂದೇ ಇದೆ. ಕೇಳಿಸಿಕೊಂಡ ಸ್ವರಗಳ ಸಾಲನ್ನೇ ತನ್ನ ಸಂಗ್ರಹದಲ್ಲಿ ಹುಡುಕುತ್ತದೆ. ಒಂಟಿ ಫಿಡಲ್, ಕೊಳಲು, ವಿಸಲ್ (ತಗಡಿನ ಪುಟ್ಟ ಕೊಳಲು) ಆದರೆ ಚೆನ್ನಾಗಿ ಹಿಡಿಯುತ್ತದೆ. ಗಿಟಾರ್ ಸೇರಿಕೊಂಡರೆ ಎಡವುತ್ತದೆ. ಹಾಗಾದಾಗ ಮೊದಲ ಭಾಗವನ್ನು ನೀವೇ, ಅಲಂಕಾರಗಳನ್ನೆಲ್ಲ ಬಿಟ್ಟು, ಒಂದೇ ಲಯದಲ್ಲಿ ನುಡಿಸಿ ಕೇಳಿಸಿ.

ಬಂದ ಉತ್ತರ ಸರಿಯೇ ಎಂದು ನೋಡಲು ಲಯ ಎಣಿಸಿ. ನೃತ್ಯದ ಟ್ಯೂನುಗಳ ಬಗೆಗಳು ಲಯದಿಂದಲೇ ತಿಳಿಯುತ್ತವೆ. ಆರರ ಎಣಿಕೆ ಜಿಗ್, ಒಂಬತ್ತರದು ಸ್ಲಿಪ್ ಜಿಗ್, ನಾಲ್ಕರದು ರೀಲ್ ಅಥವಾ ಹಾರ್ನ್‌ಪೈಪ್, ಎರಡರದು ಪೋಲ್ಕ. ಜಿಗ್ ಕೇಳಿಸಿದ್ದಕ್ಕೆ ರೀಲ್ ತೋರಿಸಿದರೆ ಆ ಫಲಿತಾಂಶ ಬಿಟ್ಟುಬಿಡಿ.

ಹೆಸರು ಸಿಕ್ಕಿದ ಮೇಲೆ ‘ದಿ ಸೆಷನ್’ ಜಾಲತಾಣಕ್ಕೆ ಹೋಗಿ. ಒಂದು ಟ್ಯೂನಿನ ಪುಟದಲ್ಲಿ ಅದರ ಇತರ ಹೆಸರುಗಳು, ಬೇರೆ ಬೇರೆ ಪಾಠಗಳು (ನುಡಿಸುವ ರೂಪಗಳು), ಅದು ಯಾವ ಆಲ್ಬಮ್‌ಗಳಲ್ಲಿದೆ ಎಂಬ ಪಟ್ಟಿ, ಎಲ್ಲ ಒಟ್ಟಿಗೆ ಸಿಗುತ್ತವೆ. ಒಂದೇ ಟ್ಯೂನಿಗೆ ನಾಲ್ಕಾರು ಹೆಸರು, ಒಂದೇ ಹೆಸರಿಗೆ ಎರಡು ಮೂರು ಟ್ಯೂನು ಇಲ್ಲಿ ಮಾಮೂಲು. ‘ಮಾರಿಸನ್ಸ್ ಜಿಗ್’ ಎಂದು ಎಲ್ಲರೂ ಕರೆಯುವ ಟ್ಯೂನಿಗೆ ‘ದಿ ಸ್ಟಿಕ್ ಅಕ್ರಾಸ್ ದಿ ಹಾಬ್’ ಎಂಬ ಹೆಸರೂ ಇದೆ. ಆಲ್ಬಮ್ ಹೊದಿಕೆಯ ಮೇಲೆ ‘ಗನ್ ಅನಿಮ್’ ಎಂದಿದ್ದರೆ ಅದು ಶೀರ್ಷಿಕೆಯಲ್ಲ, ಹೆಸರಿಲ್ಲದ ಟ್ಯೂನು ಎಂಬ ಸೂಚನೆ. ಹಾಗಾಗಿ ಹೆಸರು ಹೊಂದಿತೆಂದು ನಿಲ್ಲಬೇಡಿ; ಮೊದಲ ಎರಡು ಬಾರ್‌ಗಳ (ತಾಳದ ಒಂದೊಂದು ಆವರ್ತದ) ಸ್ವರ ಹೊಂದುತ್ತವೆಯೇ ನೋಡಿ.

ಇನ್ನೊಂದು ತೊಡಕು: ಆಲ್ಬಮ್‌ನ ಒಂದು ಟ್ರ್ಯಾಕ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ಟ್ಯೂನುಗಳನ್ನು ನಿಲ್ಲಿಸದೆ ಪೋಣಿಸಿರುತ್ತಾರೆ. ನಿಮ್ಮದು ಎರಡನೆಯದಾದರೆ ಮೊದಲ ಅರ್ಧ ನಿಮಿಷ ಕೇಳಿ ‘ಇದಲ್ಲ’ ಎಂದು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಎಂಟು ಬಾರ್‌ಗಳ ಎರಡು ಭಾಗ, ಎರಡೂ ಎರಡೆರಡು ಸಲ, ಒಟ್ಟು 32 ಬಾರ್. ಇದು ರೀಲ್‌ನ ಸಾಮಾನ್ಯ ಒಂದು ಸುತ್ತು. ಬಾರ್‌ಗೆ ಎರಡು ಬಡಿತದಂತೆ ನಿಮಿಷಕ್ಕೆ 110 ಬಡಿತ ನುಡಿಸಿದರೆ ಸುತ್ತಿಗೆ ಸುಮಾರು 35 ಸೆಕೆಂಡು. ಎರಡು ಸುತ್ತಾದರೆ 1:10ರ ಹೊತ್ತಿಗೆ, ಮೂರಾದರೆ 1:45ರ ಹೊತ್ತಿಗೆ ಟ್ಯೂನು ಬದಲಾಗುತ್ತದೆ. ನೇರ ಅಲ್ಲಿಗೇ ಹೋಗಿ ಕೇಳಿ.

ಪ್ರಶ್ನೆ: ಸ್ವರಲಿಪಿಯೂ ಸಿಕ್ಕಿತು, ಧ್ವನಿಮುದ್ರಿಕೆಯೂ ಸಿಕ್ಕಿತು. ಆದರೆ ಒಂದಕ್ಕೊಂದು ಹೊಂದುತ್ತಿಲ್ಲ. ಯಾವುದು ಸರಿ?

ಉತ್ತರ: ಬಹುತೇಕ ಎರಡೂ ಸರಿ. ಕಾಗದದಲ್ಲಿರುವುದು ಯಾರೋ ಒಬ್ಬರ ಪಾಠ, ಅದೂ ಅಸ್ಥಿಪಂಜರ ಮಾತ್ರ. ಕಾರ್ಕ್ ಪ್ರಾಂತದಲ್ಲಿ ಹುಟ್ಟಿ ಶಿಕಾಗೊದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಟ್ಯೂನುಗಳನ್ನೂ 1907ರಲ್ಲಿ 1,001 ನೃತ್ಯದ ಟ್ಯೂನುಗಳನ್ನೂ ಅಚ್ಚು ಹಾಕಿಸಿದರು. ಎರಡೂ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತ. ಮೊದಲು ನೋಡಬೇಕಾದವೂ ಅವೇ, ಆದರೆ ಇಂದು ನುಡಿಸುವ ಪಾಠ ಅವುಗಳಿಂದ ಎಷ್ಟೋ ಕಡೆ ದೂರ ಸರಿದಿದೆ. ಬ್ರೆಂಡನ್ ಬ್ರೆನಾಕ್ ಅವರ ಐದು ಸಂಪುಟಗಳ ಸಂಗ್ರಹ 1963ರಲ್ಲಿ ಶುರುವಾಯಿತು. ಅದರಲ್ಲಿ ಟ್ಯೂನು ಯಾರಿಂದ ಬಂತು ಎಂಬ ಟಿಪ್ಪಣಿಗಳಿವೆ. ನಮ್ಮ ಮಟ್ಟಿಗೆ ಅದೇ ಅದರ ದೊಡ್ಡ ಬೆಲೆ: ಆ ವಾದಕರ ಧ್ವನಿಮುದ್ರಿಕೆಯನ್ನೇ ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಬಹುದು.

ನಿಜವಾದ ತಪ್ಪುಗಳೂ ಇರುತ್ತವೆ. ಹೆಚ್ಚಾಗಿ ಕಾಣುವುದು ಸ್ವರಲಿಪಿಯ ಆರಂಭದಲ್ಲಿ ಹಾಕುವ ಶಾರ್ಪ್ (ಸ್ವರವನ್ನು ಅರ್ಧ ಸ್ವರ ಏರಿಸುವ) ಗುರುತಿನಲ್ಲಿ. ‘ಮಾರಿಸನ್ಸ್ ಜಿಗ್’ ಇ ಡೋರಿಯನ್ ಎಂಬ ಸ್ವರಶ್ರೇಣಿಯಲ್ಲಿದೆ, ಎರಡು ಶಾರ್ಪ್ ಇರಬೇಕು. ಯಾರಾದರೂ ಅದನ್ನು ಇ ಮೈನರ್ ಎಂದು ಬರೆದುಬಿಟ್ಟರೆ ಒಂದೇ ಶಾರ್ಪ್ ಉಳಿಯುತ್ತದೆ. ಮೊದಲ ಬಾರ್ ‘ಇ3 ಬಿ3’ (ಅಂಕಿ ಎಂದರೆ ಅಷ್ಟು ಎಣಿಕೆ), ಎರಡನೆಯದು ‘ಇ-ಬಿ-ಇ, ಎ-ಎಫ್-ಡಿ’, ಎಲ್ಲ ಸರಿಯಾಗಿಯೇ ಕೇಳುತ್ತದೆ. ನಾಲ್ಕನೆಯ ಬಾರ್‌ನ ‘ಡಿ-ಸಿ-ಬಿ’ಯಲ್ಲಿ ಸಿ ಅರ್ಧ ಸ್ವರ ತಗ್ಗಿ ಟ್ಯೂನು ಬೇರೆಯದೇ ಆದಂತೆ ಕೇಳುತ್ತದೆ. ಹೀಗಾದಾಗ ಸ್ವರಗಳನ್ನು ಒಂದೊಂದಾಗಿ ತಿದ್ದುವ ಬದಲು ಶಾರ್ಪ್ ಗುರುತನ್ನು ತಿದ್ದಿ. ಎ ಡೋರಿಯನ್‌ಗೆ ಒಂದು ಶಾರ್ಪ್, ಎ ಮಿಕ್ಸೊಲಿಡಿಯನ್‌ಗೆ ಎರಡು.

ಅಲ್ಲಿ ‘ಇ3’ ಎಂದಿರುವುದನ್ನು ಉದ್ದ ಸ್ವರವೆಂದು ಎಳೆದರೆ ಟ್ಯೂನು ಸಪ್ಪೆಯಾಗುತ್ತದೆ. ಆ ಮೂರು ಎಣಿಕೆಯ ಜಾಗದಲ್ಲಿ ಫಿಡಲ್ ವಾದಕರು ಬಹಳ ಸಲ ರೋಲ್ ಹಾಕುತ್ತಾರೆ: ಇ, ಮೇಲಿನಿಂದ ಒಂದು ಚಿಟುಕು, ಇ, ಕೆಳಗಿನ ಸ್ವರದ ಒಂದು ತಟ್ಟು, ಮತ್ತೆ ಇ. ಕಮಾನಿನ ದಿಕ್ಕನ್ನೂ ಹೆಚ್ಚಿನ ಪುಸ್ತಕಗಳು ಹೇಳುವುದಿಲ್ಲ. ಇವೆರಡನ್ನೂ ಕಿವಿಯಿಂದಲೇ ತೆಗೆಯಬೇಕು. ಶ್ರುತಿ ಕೆಡದಂತೆ ವೇಗವನ್ನು 75 ಶೇಕಡಕ್ಕೆ ಇಳಿಸಿ, ಎರಡೆರಡೇ ಬಾರ್ ಸುತ್ತಿಸಿ ಕೇಳಿ.

ಪ್ರಶ್ನೆ: 1920–30ರ ದಶಕದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ತಟ್ಟೆಗಳು ಎಲ್ಲಿ ಸಿಗುತ್ತವೆ? ಕೇಳಿದವು ಯಾವ ಶ್ರುತಿಗೂ ಕೂಡುತ್ತಿಲ್ಲ.

ಉತ್ತರ: ಐರ್ಲೆಂಡಿನ ಸ್ಲೈಗೊದಿಂದ ನ್ಯೂಯಾರ್ಕಿಗೆ ಹೋದ ಫಿಡಲ್ ವಾದಕರಾದ ಮೈಕೆಲ್ ಕೋಲ್‌ಮನ್, ಜೇಮ್ಸ್ ಮಾರಿಸನ್, ಪ್ಯಾಡಿ ಕಿಲೋರನ್ ಅವರ ತಟ್ಟೆಗಳನ್ನು ಕೇಳದೆ ಈ ವಾದ್ಯದ ಇತಿಹಾಸ ತಿಳಿಯುವುದಿಲ್ಲ. ಕೋಲ್‌ಮನ್ 1934ರಲ್ಲಿ ಡೆಕ್ಕಾ ಕಂಪನಿಗೆ ನುಡಿಸಿದ ಟಾರ್ಬೊಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್ ಮೂರನ್ನೂ ಇವತ್ತಿಗೂ ಅದೇ ಕ್ರಮದಲ್ಲಿ ನುಡಿಸುತ್ತಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ 78ರ ತಟ್ಟೆಗಳ ದೊಡ್ಡ ಸಂಗ್ರಹವಿದೆ. ತಟ್ಟೆಯ ಸಂಖ್ಯೆ, ಧ್ವನಿಮುದ್ರಣದ ದಿನಾಂಕ ಬೇಕಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಅಮೆರಿಕನ್ ಧ್ವನಿಮುದ್ರಿಕೆಗಳ ಸೂಚಿ ನೋಡಿ. 1987ರಲ್ಲಿ ಸ್ಥಾಪನೆಯಾಗಿ ಈಗ ಡಬ್ಲಿನ್‌ನ 73 ಮೆರಿಯನ್ ಸ್ಕ್ವೇರ್‌ನಲ್ಲಿರುವ ಐರಿಷ್ ಸಾಂಪ್ರದಾಯಿಕ ಸಂಗೀತ ಸಂಗ್ರಹಾಲಯವಂತೂ ಈ ಹುಡುಕಾಟದ ತವರು. ಅವರಿಗೆ ಬರೆಯುವಾಗ ವಾದಕರ ಹೆಸರು, ಕಂಪನಿ, ತಟ್ಟೆಯ ಸಂಖ್ಯೆ, ಟ್ಯೂನಿನ ಮೊದಲ ಎರಡು ಬಾರ್ ಇಷ್ಟನ್ನೂ ಕೊಡಿ.

ಶ್ರುತಿಯ ವಿಷಯ. ತಟ್ಟೆ ಕೊರೆದಾಗಲೋ ಡಿಜಿಟಲ್ ಮಾಡಿದಾಗಲೋ ವೇಗ 6 ಶೇಕಡ ವ್ಯತ್ಯಾಸವಾದರೆ ಸಾಕು, ಅರ್ಧ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಡಿಯಲ್ಲಿರಬೇಕಾದ ಟ್ಯೂನು ಇ ಫ್ಲಾಟ್‌ನಲ್ಲಿ ಕೇಳುತ್ತದೆ. ಬಿಟ್ಟ ತಂತಿಯ (ಬೆರಳಿಡದೆ ನುಡಿಸುವ ತಂತಿಯ) ನಾದವನ್ನು ಗುರುತಿಸಿ, ಅದು ಎಷ್ಟು ಸರಿದಿದೆ ನೋಡಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ ವೇಗ, ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಬಳಸಿ. ಶ್ರುತಿಯನ್ನಷ್ಟೇ ಇಳಿಸಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ. ಅರ್ಧ ಸ್ವರ ಇಳಿಸಲು ಮೈನಸ್ 5.6 ಶೇಕಡ ಕೊಡಿ, ಮೈನಸ್ 6 ಅಲ್ಲ. ಕೆಲವು ವಾದಕರು ಫಿಡಲನ್ನೇ ಅರ್ಧ ಸ್ವರ ಏರಿಸಿ ಕಟ್ಟಿಕೊಳ್ಳುವುದುಂಟು. ಆಗ ವೇಗ ಸರಿಯಾಗಿಯೇ ಇರುತ್ತದೆ, ಶ್ರುತಿ ಮಾತ್ರ ಇಳಿಸಿದರೆ ಸಾಕು.

ಪ್ರಶ್ನೆ: ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಬರುವುದಿಲ್ಲ. ದಾರಿಯಿದೆಯೇ?

ಉತ್ತರ: ಇದೆ. ಎಬಿಸಿ ಲಿಪಿಯಲ್ಲಿ ಸ್ವರಕ್ಕೊಂದು ಇಂಗ್ಲಿಷ್ ಅಕ್ಷರ, ಪಕ್ಕದ ಅಂಕಿ ಕಾಲಾವಧಿ. ದೊಡ್ಡಕ್ಷರ ಕೆಳಗಿನ ಸ್ಥಾಯಿ, ಸಣ್ಣಕ್ಷರ ಮೇಲಿನದು, ದೊಡ್ಡಕ್ಷರದ ನಂತರ ಅಲ್ಪವಿರಾಮ ಬಂದರೆ ಇನ್ನೂ ಕೆಳಗೆ. ಬಿಟ್ಟ ತಂತಿಗಳು ಕ್ರಮವಾಗಿ ಅಲ್ಪವಿರಾಮದ ಜಿ, ದೊಡ್ಡ ಡಿ, ದೊಡ್ಡ ಎ, ಸಣ್ಣ ಇ. ಐರ್ಲೆಂಡಿನ ಸ್ಲೀವ್ ಲೂಕ್ರ ಪ್ರದೇಶದ ಫಿಡಲ್ ಮೇಷ್ಟ್ರು ಪಾಡ್ರಿಗ್ ಓಕೀಫ್ ಶಿಷ್ಯರಿಗೆ ಬರೆದುಕೊಡುತ್ತಿದ್ದ ಹಾಳೆಗಳು ಇದಕ್ಕಿಂತಲೂ ಸರಳ: ಸ್ಟಾಫ್‌ನ ನಾಲ್ಕು ಅಂತರಗಳೇ ನಾಲ್ಕು ತಂತಿ, ಸೊನ್ನೆ ಬಿಟ್ಟ ತಂತಿ, ಅಂಕಿಗಳು ಬೆರಳು. ಅವರ ಶಿಷ್ಯರಾದ ಡೆನಿಸ್ ಮರ್ಫಿ, ಜೂಲಿಯಾ ಕ್ಲಿಫರ್ಡ್ ಅಣ್ಣತಂಗಿಯರ 1969ರ ಆಲ್ಬಮ್ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಸಾಂಪ್ರದಾಯಿಕ ಟ್ಯೂನುಗಳನ್ನು ಅಚ್ಚು ಹಾಕಿ ಹಂಚಬಹುದೇ?

ಉತ್ತರ: ಹಳೆಯವನ್ನು ಹಂಚಬಹುದು. ಆದರೆ ಹಳೆಯದೆಂದು ಎಲ್ಲರೂ ನಂಬಿರುವ ಎಷ್ಟೋ ಟ್ಯೂನುಗಳಿಗೆ 20ನೇ ಶತಮಾನದ ರಚನಕಾರರಿದ್ದಾರೆ. ‘ದಿ ಹಂಟರ್ಸ್ ಹೌಸ್’ ರೀಲ್ ಎಡ್ ರೀವಿ ಅವರದು. ಅಂಥವಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಅಚ್ಚಿಗೆ ಕೊಡುವ ಮೊದಲು ಪ್ರತಿ ಟ್ಯೂನಿನ ರಚನಕಾರರು ಯಾರೆಂದು ಐರಿಷ್‌ಟ್ಯೂನ್ ಡಾಟ್ ಇನ್ಫೋ, ದಿ ಸೆಷನ್ ಎರಡರಲ್ಲೂ ನೋಡಿಕೊಳ್ಳಿ.